ಮೂಕ ಗಾಡಿಯ ಅಳಿಯ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಹೇಂಟೆ. ಮಾಂಬೋಲಿಯೊ ಬೋಡಾ ಸ್ಟೇಜಿನಲ್ಲಿ, ಅಂದರೆ ಬಾಡಿಗೆ ಮೋಟರ್‌ಸೈಕಲ್ಲಿನವರು ಸಾಲಾಗಿ ನಿಂತು ಗಿರಾಕಿಗೆ ಕಾಯುವ ಮರದ ಬುಡದಲ್ಲಿ, ಅದು ಮರಿಯಾಗಿದ್ದಾಗಿನಿಂದ ಓಡಾಡಿಕೊಂಡಿತ್ತು. ಮೋಟರ್‌ಸೈಕಲ್ ಅಂದರೆ ಮೊದಲು ಸದ್ದು, ಆಮೇಲೆ ಚಕ್ರ ಎಂಬುದು ಅದರ ಜೀವನಾನುಭವ. ಅದೇ ಸ್ಟೇಜಿನ ಹುಡುಗ ಓವಿಟಿಯ ಹೊಸ ಬ್ಯಾಟರಿ ಗಾಡಿ ಬೆಳಿಗ್ಗೆ ಸದ್ದೇ ಇಲ್ಲದೆ ಹಿಂದಿನಿಂದ ಬಂದಾಗ ಆ ಅನುಭವ ಕೈಕೊಟ್ಟಿತು. ಹೇಂಟೆ ಬಾಲದ ಪುಕ್ಕ ಉದುರಿಸಿಕೊಂಡು ಹಾರಿತು. ಹಾರಿದ್ದು ನೇರವಾಗಿ ಸ್ಟೇಜಿನ ಚೇರ್ಮನ್ ಒಂಡಿಯೆಕ್ ಅವರ ಕೈಯಲ್ಲಿದ್ದ ಚಹಾದ ಲೋಟಕ್ಕೆ. ಬಿಸಿ ಚಹಾ ಬಿದ್ದದ್ದು ಅವರ ಹೊಸ ಪ್ಯಾಂಟಿನ ಮೇಲೆ, ಅದೂ ಬೀಳಬಾರದ ಜಾಗಕ್ಕೆ.

ಆ ಪ್ಯಾಂಟು ಸುಮ್ಮನೆ ಹಾಕಿಕೊಂಡು ಬಂದದ್ದಲ್ಲ. ಅಂದು ಸಂಜೆ ಓವಿಟಿಯ ಪರವಾಗಿ ಹೆಣ್ಣು ಕೇಳಲು ಕಜುಲು ಗುಡ್ಡದ ಮನೆಗೆ ಹೋಗಬೇಕಾಗಿದ್ದ ಮಧ್ಯಸ್ಥರು ಇದೇ ಒಂಡಿಯೆಕ್. ಹುಡುಗಿ ಅಕೆಯೋ ಆ ಗುಡ್ಡದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುವವಳು. ಅವಳು ಒಪ್ಪಿ ವರ್ಷವಾಗಿತ್ತು. ಒಪ್ಪಬೇಕಾದವಳು ಅವಳ ತಾಯಿ. ಎಲ್ಲರೂ ಆಕೆಯನ್ನು ಮಿನ್ ಅಕೆಯೋ, ಅಕೆಯೋಳ ಅವ್ವ, ಎಂದೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನೂ ಮಕ್ಕಳನ್ನೂ ಒಬ್ಬಳೇ ಸಂಭಾಳಿಸಿದ ಹೆಂಗಸು. 'ಬೇಡ' ಎನ್ನುವುದು ಆಕೆಗೆ ಉಸಿರಾಡಿದಷ್ಟೇ ಸಲೀಸು. ಆಕೆ ಇವತ್ತು ಮಿವಾನಿಯಿಂದ ತಂಗಿಯ ಮನೆಗೆ ಬಂದು, ಮಗಳನ್ನು ಓವಿಟಿಗೆ ಕೊಡುವುದೋ ಬಿಡುವುದೋ ಹೇಳಿಬಿಡುವವಳಿದ್ದಳು.

ಒಂಡಿಯೆಕ್ ಒದ್ದೆ ಪ್ಯಾಂಟನ್ನು ಎರಡು ಬೆರಳಿನಲ್ಲಿ ಮೈಯಿಂದ ದೂರ ಹಿಡಿದುಕೊಂಡು ಎದ್ದರು.

"ಅಲ್ಲ ಕಣೋ ಓವಿಟಿ, ನಿನ್ನ ಗಾಡಿ ಬಂತು ಅಂತ ಗೊತ್ತಾಗೋಕೆ ನಾನು ಸುಟ್ಕೋಬೇಕೇನೋ?"

ಇಷ್ಟು ಸಾಕಾಯಿತು. ಆ ಗಾಡಿಯ ಬಗ್ಗೆ ಸ್ಟೇಜಿನಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನೇ ಇರಲಿಲ್ಲ. ದೀಪಕ್ಕೇ ಕರೆಂಟು ಸಾಲದ ಊರಲ್ಲಿ ಗಾಡಿಗೆ ಎಲ್ಲಿಂದ ತರುತ್ತೀರಿ ಎಂದ ಒಬ್ಬ. ಮಳೆಯಲ್ಲಿ ಅದರ ಮೇಲೆ ಕೂತರೆ ಶಾಕ್ ಹೊಡೆದು ಮೀನಿನ ಹಾಗೆ ಬಾಯಿ ಬಿಡಬೇಕಾಗುತ್ತದೆ ಎಂದ ಇನ್ನೊಬ್ಬ. ಬ್ಯಾಟರಿಯ ಮೇಲೆ ಕೂರುವ ಗಂಡಸಿಗೆ ಮಕ್ಕಳಾಗುವುದಿಲ್ಲ ಎಂಬುದು ಸಾಲಿನ ಇನ್ನೊಬ್ಬ ಬೋಡಾದವನು ಓಬುಯಾನ ಖಚಿತ ಮಾಹಿತಿ. ಅವನಿಗೆ ಅದನ್ನು ಹೇಳಿದ್ದು ಕ್ಷೌರದಂಗಡಿಯವನು; ಕ್ಷೌರದಂಗಡಿಯವನಿಗೆ ಹೇಳಿದ್ದು ಓಬುಯಾ.

ಓವಿಟಿ ಮಾರಾಟದವರು ಕಲಿಸಿದ ಪಾಠವನ್ನೇ ಒಪ್ಪಿಸಿದ. ಹೊಗೆಯಿಲ್ಲ, ಎಣ್ಣೆ ಬದಲಾಯಿಸುವ ಕೆಲಸವಿಲ್ಲ, ಖಾಲಿ ಬ್ಯಾಟರಿ ಕೊಟ್ಟರೆ ಚಹಾ ಕುಡಿಯುವಷ್ಟರಲ್ಲಿ ತುಂಬಿದ ಬ್ಯಾಟರಿ ಕೈಗೆ ಬರುತ್ತದೆ, ಗಾಳಿಗೂ ಕೆರೆಗೂ ಒಳ್ಳೆಯದು. ಪಾಠದಲ್ಲಿ ಇಲ್ಲದ ಒಂದು ಸಂಗತಿಯೂ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನಿಗೆ ಆ ಗಾಡಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಬೆಳಗಿನ ಜಾವ ಅದರ ಮೇಲೆ ಹೋಗುತ್ತಿದ್ದರೆ ಹಕ್ಕಿಯ ಕೂಗು ಕೇಳಿಸುತ್ತಿತ್ತು. ಇಷ್ಟು ವರ್ಷ ಗಾಡಿ ಓಡಿಸಿದರೂ ಕಜುಲು ರಸ್ತೆಯಲ್ಲಿ ಹಕ್ಕಿಗಳಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ಹೊಗೆ ಇಲ್ಲ, ಒಪ್ಪಿದೆ," ಎಂದರು ಒಂಡಿಯೆಕ್. "ಹೋದ ತಿಂಗಳು ನಮ್ಮ ಹುಡುಗನ ಹೆಣ ಊರಿಗೆ ಕಳ್ಸುವಾಗ ಏನಾಯ್ತು ಹೇಳು."

ಓವಿಟಿ ತಲೆ ತಗ್ಗಿಸಿದ. ಬೋಡಾದವನು ಸತ್ತರೆ ಉಳಿದವರೆಲ್ಲ ಸಾಲಾಗಿ ಎಂಜಿನ್ ಗುಡುಗಿಸುತ್ತ, ಹಾರ್ನ್ ಒತ್ತುತ್ತ ಹೆಣದ ಗಾಡಿಯ ಮುಂದೆ ಹೋಗುವುದು ಪದ್ಧತಿ. ಅಷ್ಟು ಜನ ಅಷ್ಟು ಗುಡುಗಿಸುತ್ತಿದ್ದಾಗ ಓವಿಟಿಯೊಬ್ಬನೇ ಹ್ಯಾಂಡಲ್ಲು ತಿರುಚಿ ತಿರುಚಿ ಸುಮ್ಮನೆ ತೇಲಿ ಹೋಗಿದ್ದ. ಸತ್ತವನ ಸೋದರಮಾವ ಅವನನ್ನು ತಡೆದು, ನನ್ನ ಹುಡುಗನ ಮೇಲೆ ನಿನಗೆ ಅಂಥ ದ್ವೇಷ ಏನಿತ್ತು ಎಂದು ಕೇಳಿದ್ದ.

ಚೇರ್ಮನ್ನರು ತೀರ್ಪು ಕೊಟ್ಟರು. ಸಂಜೆಯೊಳಗೆ ಗಾಡಿಗೆ ಸದ್ದು ಬರಬೇಕು. ಬರದಿದ್ದರೆ ಸ್ಟೇಜಿನ ಸಾಲಿನಲ್ಲಿ ಅವನಿಗೆ ಜಾಗವಿಲ್ಲ. ಹೆಣ್ಣು ಕೇಳಲು ತಾವು ಬರುವುದೂ ಇಲ್ಲ.

ಸದ್ದಿಗೆ ದಾರಿ ತೋರಿಸಿದವನು ಶಿಕುಕು. ಅವನು ಸಂತೆಯಲ್ಲಿ ಇಲಿ ಪಾಷಾಣ ಮಾರುವವನು. ವ್ಯಾಪಾರಕ್ಕೆ ಅವನು ಬಾಯಿ ತೆರೆಯುವುದೇ ಇಲ್ಲ. ಎದೆಗೆ ನೇತುಹಾಕಿಕೊಂಡ ಸ್ಪೀಕರೇ ಇಡೀ ದಿನ ಕೂಗುತ್ತದೆ. ಅವನ ಹತ್ತಿರ ಹಳೆಯದೊಂದು ಸ್ಪೀಕರ್ ಹೆಚ್ಚಿಗೆ ಇತ್ತು. ಅದರಲ್ಲಿ ಒಂದು ಪೆಟ್ರೋಲ್ ಗಾಡಿಯ ಸದ್ದನ್ನು ತುಂಬಿಸಿ ಸೀಟಿನ ಕೆಳಗೆ ಕಟ್ಟಿಬಿಡು, ಯಾರಿಗೆ ಗೊತ್ತಾಗುತ್ತದೆ ಎಂದ. ಯಾರ ಗಾಡಿಯ ಸದ್ದು ಎಂಬ ಚರ್ಚೆಯೇ ಏಳಲಿಲ್ಲ. ಒಂಡಿಯೆಕ್ ತಾವೇ ಮುಂದೆ ಬಂದು ತಮ್ಮ ಹಳೆಯ ಗಾಡಿಯನ್ನು ಚಾಲೂ ಮಾಡಿ ಹೊಗೆ ಕೊಳವೆಯ ಬಾಯಿಗೆ ಫೋನು ಹಿಡಿಸಿದರು. ಆ ಗಾಡಿಯ ಸದ್ದು ಸುತ್ತಲಿನ ಹಳ್ಳಿಗೆಲ್ಲ ಪರಿಚಿತ. ನಾಲ್ಕು ಗುಡುಗಿಗೊಮ್ಮೆ ಅದು ಹಳೆಯ ಕ್ಷಯರೋಗಿಯಂತೆ 'ಖೊಕ್' ಎಂದು ಕೆಮ್ಮುತ್ತಿತ್ತು.

"ಸದ್ದು ಅಂದ್ರೆ ಇದು," ಎಂದರು ಅವರು, ಮಗನಿಗೆ ಹೊಲ ಬರೆದುಕೊಟ್ಟವರ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಸ್ಪೀಕರು ಸೀಟಿನ ಕೆಳಗೆ ಗೋಣಿಚೀಲದ ಮರೆಯಲ್ಲಿ ಕೂತು ಗುಡುಗತೊಡಗಿತು. ಗಾಡಿ ನಿಂತರೂ ಸದ್ದು ನಿಲ್ಲುವುದಿಲ್ಲ ಎಂಬುದೊಂದು ಬಿಟ್ಟರೆ ಬೇರೆ ದೋಷವಿರಲಿಲ್ಲ. ಓವಿಟಿ ಮತ್ತಾಟು, ಅಂದರೆ ಜನ ತುಂಬಿಕೊಂಡು ಓಡುವ ಬಾಡಿಗೆ ವ್ಯಾನು, ನಿಲ್ಲುವ ಜಾಗಕ್ಕೆ ಹೋಗಿ ನಿಂತ. ಹೆಣ್ಣಿನ ಮನೆಗೆ ಕೈಬೀಸಿಕೊಂಡು ಹೋಗುವಂತಿಲ್ಲ. ಸಕ್ಕರೆ, ಬ್ರೆಡ್ಡಿಗಾಗುವಷ್ಟಾದರೂ ಒಂದೆರಡು ಬಾಡಿಗೆ ಸಿಗಲಿ ಎಂದು. ಹೆದರುವ ಕಾರಣವಿರಲಿಲ್ಲ. ಅವ್ವ ಅಣ್ಣನ ಮಗನ ಕಾರಿನಲ್ಲಿ ನೇರವಾಗಿ ಮನೆಗೇ ಬರುತ್ತಾಳೆ ಎಂದು ಅಕೆಯೋ ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದಳು. ಆ ಕಾರು ಮಿವಾನಿ ದಾಟುವಷ್ಟರಲ್ಲೇ ಕೆಟ್ಟು ಕೂತು, ಆಕೆ ಮತ್ತಾಟು ಹತ್ತಿದ ಸುದ್ದಿ ಮಾತ್ರ ಅವನಿಗೆ ಬಂದಿರಲಿಲ್ಲ.

ಅವನು ತಲೆಗೆ ಹೆಲ್ಮೆಟ್ ಹಾಕಿ, ಕಪ್ಪು ಗಾಜು ಇಳಿಸಿಕೊಂಡು, ಬಗ್ಗಿ ಸ್ಪೀಕರಿನ ಸದ್ದು ಹೆಚ್ಚಿಸುತ್ತಿದ್ದಾಗ ಹಿಂದೆ ಯಾರೋ ಧಪ್ಪನೆ ಹತ್ತಿ ಕೂತರು. ಮೊದಲು ಒಂದು ಬುಟ್ಟಿ ಅವನ ಬೆನ್ನಿಗೆ ತಾಗಿತು. ಆಮೇಲೆ ಎರಡು ಗಟ್ಟಿ ತೋಳುಗಳು ಅವನ ಸೊಂಟವನ್ನು ಕಟ್ಟಿಕೊಂಡವು.

"ಗುಡ್ಡದ ಕಡೆ ನಡಿ ಮಗಾ. ಮೆಲ್ಲಗೆ ಹೋಗು, ಬುಟ್ಟೀಲಿ ಮೊಟ್ಟೆ ಅದೆ."

ಓವಿಟಿ ಹೊರಟ. ಸಂತೆ ದಾಟುವಷ್ಟರಲ್ಲಿ ಹೆಂಗಸು ಮಾತಿಗೆ ಶುರುವಿಟ್ಟಳು. ಕೆಟ್ಟ ಕಾರಿನ ಬಗ್ಗೆ, ಕಾರು ಕೊಂಡ ಅಣ್ಣನ ಮಗನ ಬುದ್ಧಿಯ ಬಗ್ಗೆ ಹೇಳಿದಳು. ಅಷ್ಟಾದ ಮೇಲೆ ಅವನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು.

"ನಿನ್ನ ಗಾಡಿ ಸದ್ದು ಕೇಳೇ ಹತ್ತಿದ್ದು ಕಣಪ್ಪಾ. ಗಂಡಸಿನ ಗಾಡಿ ಅಂದ್ರೆ ಹಿಂಗಿರ್ಬೇಕು. ನನ್ನ ಮಗಳು ಅಕೆಯೋ ಒಬ್ಬನ್ನ ಹುಡ್ಕೊಂಡವ್ಳೆ, ಅವನದು ಮೂಕ ಗಾಡಿಯಂತೆ. ಬಾಗ್ಲಿಗೆ ಬರೋವರ್ಗೂ ಬಂದದ್ದು ಗೊತ್ತಾಗಲ್ವಂತೆ. ಅಂಥವನು ಒಂದೋ ಕಳ್ಳ, ಇಲ್ಲಾ ದೆವ್ವ."

ಹಿಂದೆ ಕೂತಿರುವುದು ಯಾರೆಂದು ಓವಿಟಿಗೆ ಆಗ ತಿಳಿಯಿತು. ಅತ್ತೆಯಾಗುವವಳು ಎದುರಿಗೆ ಬಂದರೆ ಅಳಿಯನಾಗುವವನು ದಾರಿ ಬಿಟ್ಟು ಪೊದೆಗಿಳಿದು ಮುಖ ತಿರುಗಿಸಿ ನಿಲ್ಲಬೇಕು. ಕೈಕುಲುಕುವಂತಿಲ್ಲ, ಒಂದೇ ಚಾಪೆಯಲ್ಲಿ ಕೂರುವಂತಿಲ್ಲ. ಈಗೀಗ ಪೇಟೆಯವರು ಇದನ್ನೆಲ್ಲ ಅಷ್ಟಾಗಿ ನೋಡುವುದಿಲ್ಲ, ನಿಜ. ಆದರೆ ಮಿನ್ ಅಕೆಯೋ ನೋಡುವವಳು. ಅಳಿಯನಾಗುವವನು ತಮ್ಮ ಮನೆಯ ಕುರ್ಚಿಯಲ್ಲಿ ಕೂತನೆಂದು ತಂಗಿಯ ಬೀಗರು ಮದುವೆಯನ್ನೇ ಮುರಿದದ್ದನ್ನು ಆಕೆ ಮೆಚ್ಚಿ ಹೇಳಿದ್ದಳಂತೆ. ಅಂಥವಳು ಈಗ ಅವನ ಸೊಂಟ ತಬ್ಬಿಕೊಂಡು, ಹಳ್ಳ ಬಂದಾಗಲೆಲ್ಲ ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು, ಹಾಡುಹಗಲಿನಲ್ಲಿ ಹೋಗುತ್ತಿದ್ದಳು. ಹಿಂದೆ ಕೂತವಳಿಗೆ ಮುಂದೆ ಇರುವವನು ಯಾರೆಂದು ಗೊತ್ತಾದರೆ ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಅಕೆಯೋ ಕೈತಪ್ಪಿದಂತೆಯೇ.

"ಬ್ಯಾಟರಿ ಮೇಲೆ ಕೂತವ್ರಿಗೆ ಮಕ್ಕಳಾಗಲ್ವಂತಲ್ಲ, ನಿಜವೇನಪ್ಪಾ?" ಎಂದಳು ಮಿನ್ ಅಕೆಯೋ.

ಓಬುಯಾನ ಮಾಹಿತಿ ಮಿವಾನಿಯನ್ನೂ ಮುಟ್ಟಿತ್ತು. ಓವಿಟಿ ಗಂಟಲನ್ನು ಒತ್ತಿ, ಕೋಣದ ದನಿಯಲ್ಲಿ 'ಹೂಂ' ಎಂದ. ತನ್ನ ಹುಟ್ಟದ ಮಕ್ಕಳಿಗೆ ತಾನೇ ತಿಲಾಂಜಲಿ ಬಿಟ್ಟಂತಾಯಿತು.

"ಅದಕ್ಕೇ ಇವತ್ತು ಆಗಲ್ಲ ಅಂತ ಹೇಳಕ್ಕೇ ಹೋಗ್ತಾ ಇರೋದು," ಎಂದಳು ಆಕೆ.

ಅಷ್ಟರಲ್ಲಿ ಸ್ಪೀಕರಿನಲ್ಲಿ ತುಂಬಿದ್ದ ಸದ್ದು ಮುಗಿಯಿತು. ಒಂದು ಕ್ಷಣ ಗಾಳಿ ಬೀಸುವುದು ಮಾತ್ರ ಕೇಳಿಸಿತು. ಆಮೇಲೆ ಸೀಟಿನ ಕೆಳಗಿನಿಂದ ಶಿಕುಕುವಿನ ಧ್ವನಿಮುದ್ರಿತ ಕಂಠ ಹೊರಟಿತು: ಇಲಿ, ತಿಗಣೆ, ಜಿರಲೆ, ಮನೆಯಲ್ಲಿ ಕಾಟ ಕೊಡುವವರಿಗೆಲ್ಲ ಒಂದೇ ಮದ್ದು, ತಿಂದವರು ಮತ್ತೆ ಏಳುವುದಿಲ್ಲ.

ಮಿನ್ ಅಕೆಯೋ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಈ ಪಾಷಾಣದವನು ಎಲ್ಲಿಂದ ಕೂಗ್ತಾ ಅವ್ನೆ?"

ಓವಿಟಿ ಒಂದು ಕೈ ಹಿಂದಕ್ಕೆ ಹಾಕಿ ತಡಕಾಡಿ ಸ್ಪೀಕರಿನ ವೈರನ್ನು ಕಿತ್ತ. ಪಾಷಾಣದವನು ಸತ್ತ. ಈಗ ಗಾಡಿ ಪೂರ್ತಿ ಮೂಕ, ಎದುರಿಗೆ ಕಜುಲು ಏರು, ಬೆನ್ನಿಗೆ ಅತ್ತೆ. ಬೇರೆ ದಾರಿ ಕಾಣದೆ ಓವಿಟಿ ಹೆಲ್ಮೆಟ್ಟಿನೊಳಗೆ ತುಟಿ ಬಿಗಿದು ತಾನೇ ಗುಡುಗತೊಡಗಿದ. "ಡುರ್ರ್, ಡುರ್ರ್, ಡುರ್ರ್, ಡುರ್ರ್, ಖೊಕ್." ಏರು ಕಡಿದಾದಲ್ಲಿ ದನಿ ದಪ್ಪ ಮಾಡಿದ, ತಿರುವಿನಲ್ಲಿ ಸಣ್ಣ ಮಾಡಿದ. ಹೆಲ್ಮೆಟ್ಟಿನ ಗಾಜಿನ ಒಳಗೆಲ್ಲ ಎಂಜಲು ಸಿಡಿದು ದಾರಿ ಮಂಜಾಯಿತು. ಎದುರಿನಿಂದ ಗಿರಾಕಿ ಕೂರಿಸಿಕೊಂಡು ಬಂದ ಓಬುಯಾ ಈ ಸದ್ದು ಕೇಳಿ, ಈ ದೃಶ್ಯ ನೋಡಿ, ಬಾಯಿ ತೆರೆದುಕೊಂಡೇ ಜೋಳದ ಹೊಲಕ್ಕೆ ನುಗ್ಗಿದ.

"ಗಾಡಿಗೆ ನೆಗಡಿ ಆದಂಗದೆ ಮಗಾ," ಎಂದಳು ಮಿನ್ ಅಕೆಯೋ.

"ಏರು, ಅಮ್ಮಾ," ಎಂದು ಕೋಣದ ದನಿಯಲ್ಲಿ ಹೇಳಿ ಓವಿಟಿ ಮತ್ತೆ ಗುಡುಗಿದ. ಮಾತಾಡಿದಾಗ ಎಂಜಿನ್ ನಿಲ್ಲುತ್ತಿತ್ತು, ಎಂಜಿನ್ ನಡೆದಾಗ ಮಾತು ನಿಲ್ಲುತ್ತಿತ್ತು. ಪುಣ್ಯಕ್ಕೆ ಆಕೆಗೆ ತನ್ನ ಮಾತು ಸಾಕಾಗಿತ್ತು.

ಗುಡ್ಡದ ಮೇಲೆ, ತಂಗಿಯ ಮನೆಯ ಬೇಲಿ ಕಾಣುವಷ್ಟು ದೂರದಲ್ಲಿ ಆಕೆ ಇಳಿದಳು. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ದುಡ್ಡು ಕೊಡಲು ಸೆರಗಿನ ಗಂಟು ಬಿಚ್ಚುವಷ್ಟರಲ್ಲಿ ಓವಿಟಿ ಗಾಡಿ ತಿರುಗಿಸಿ ಇಳಿಜಾರಿನಲ್ಲಿ ಮಾಯವಾಗಿದ್ದ. ಕೆಳಗಿನ ತಿರುವಿನಲ್ಲಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಉಸಿರೆಳೆದುಕೊಂಡ. ತುಟಿಗಳು ಜೇನು ಕಚ್ಚಿದಂತೆ ಊದಿಕೊಂಡಿದ್ದವು.

ಸಂಜೆ ಒಂಡಿಯೆಕ್ ಒಗೆದು ಒಣಗಿಸಿದ ಅದೇ ಪ್ಯಾಂಟು ಹಾಕಿಕೊಂಡು ತಮ್ಮ ಕೆಮ್ಮುವ ಗಾಡಿಯಲ್ಲಿ ಮುಂದೆ, ಓವಿಟಿ ಸ್ಪೀಕರ್ ಬಿಚ್ಚಿಟ್ಟ ಗಾಡಿಯಲ್ಲಿ ಹಿಂದೆ, ಸಕ್ಕರೆ ಬ್ರೆಡ್ಡಿನ ಸಮೇತ ಗುಡ್ಡ ಹತ್ತಿದರು. ಮಧ್ಯಾಹ್ನದ ಸಂಗತಿಯನ್ನು ಓವಿಟಿ ಬಾಯಿಬಿಟ್ಟಿರಲಿಲ್ಲ; ಸ್ಪೀಕರಿನ ವೈರು ಕಿತ್ತುಹೋಯಿತು, ನಾಳೆ ಕಟ್ಟುತ್ತೇನೆ ಎಂದಷ್ಟೇ ಹೇಳಿ ಚೇರ್ಮನ್ನರನ್ನು ಒಪ್ಪಿಸಿದ್ದ. ಹಾಗಂತ ತುಟಿ ಏಕೆ ಹಾಗಾಗಿದೆ ಎಂದು ಕೇಳದೆ ಬಿಡುವವರಲ್ಲ ಚೇರ್ಮನ್ನರು. ಕಣಜ ಕಚ್ಚಿತು ಎಂದು ಹೇಳಿ ತಪ್ಪಿಸಿಕೊಂಡಿದ್ದ. ಪದ್ಧತಿಯಂತೆ ಅವನು ಅಂಗಳದ ಮೂಲೆಯ ಮಾವಿನ ಮರದ ಕೆಳಗೆ ಮನೆಗೆ ಬೆನ್ನು ಹಾಕಿ ಕೂತ. ಒಂಡಿಯೆಕ್ ಗಾಡಿಯನ್ನು ಬಾಗಿಲ ತನಕ ತಂದು, ಗತ್ತಿಗೆ ಒಮ್ಮೆ ಜೋರಾಗಿ ಗುಡುಗಿಸಿ ಕೆಮ್ಮಿಸಿ ನಿಲ್ಲಿಸಿದರು.

ಬಾಗಿಲು ತೆರೆದು ಮಿನ್ ಅಕೆಯೋ ಹೊರಗೆ ಬಂದಳು.

"ಇದೇ ಸದ್ದು," ಎಂದಳು; ನೋಡಲು ಗಾಡಿಗಳೆಲ್ಲ ಆಕೆಗೆ ಒಂದೇ. "ನೀನೇ ಅಲ್ವೇನಪ್ಪಾ ಮಧ್ಯಾಹ್ನ ನನ್ನ ಕರ್ಕೊಂಬಂದೋನು? ದುಡ್ಡೂ ಈಸ್ಕೊಳ್ದೆ ಹೋದ್ಯಲ್ಲ."

ಒಂಡಿಯೆಕ್ ಮಧ್ಯಾಹ್ನವೆಲ್ಲ ಪ್ಯಾಂಟು ಒಣಗಿಸುತ್ತ ಟವೆಲ್ಲು ಸುತ್ತಿಕೊಂಡು ಮನೆಯಲ್ಲಿ ಕೂತಿದ್ದವರು. ಯಾವಾಗ ಎಂದು ಕೇಳಲು ಬಾಯಿ ತೆರೆದರು. ಆಕೆ ಬಿಡಲಿಲ್ಲ. ಗಾಡಿ ಏರಿನಲ್ಲಿ ಹೇಗೆ ನೆಗಡಿಯಾದಂತೆ ಗುಡುಗಿತು, ಕಾಣದ ಪಾಷಾಣದವನೊಬ್ಬ ಹೇಗೆ ಸೀಟಿನ ಬುಡದಿಂದಲೇ ಕೂಗಿದ ಹಾಗಿತ್ತು ಎಂದು ವರ್ಣಿಸಿದಳು. ಒಂಡಿಯೆಕ್ ಮೆಲ್ಲಗೆ ತಿರುಗಿ ಮಾವಿನ ಮರದ ಕಡೆ ನೋಡಿದರು. ಮರದ ಕೆಳಗಿನ ಬೆನ್ನು ನಡುಗುತ್ತಿತ್ತು. ಅವರಿಗೆ ಅವನ ಊದಿದ ತುಟಿಯ ನೆನಪೂ ಬಂತು.

ಒಂಡಿಯೆಕ್ ಬೈಯುವವರೇ ಹೊರತು ಕೆಟ್ಟವರಲ್ಲ. "ನಾನೇ ಅಮ್ಮಾ," ಎಂದುಬಿಟ್ಟರು.

ಮಿನ್ ಅಕೆಯೋ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ನೋಟ ಹೊಟ್ಟೆಯ ಮೇಲೆ ನಿಂತಿತು.

"ಮಧ್ಯಾಹ್ನ ಸೊಂಟ ಇಷ್ಟು ದಪ್ಪ ಇರ್ಲಿಲ್ಲ."

"ಮಧ್ಯಾಹ್ನ ಹಸ್ದಿದ್ದೆ ಅಮ್ಮಾ. ಆಮೇಲೆ ಊಟ ಮಾಡ್ದೆ."

ಆಕೆಗೆ ಅದು ಸರಿ ಎನಿಸಿತು. ಒಳಗೆ ಕರೆದು ಕೂರಿಸಿ, ಚಹಾ ತರಿಸಿ, ಮಾತು ಮುಗಿಸಿದಳು. ತಾನು ಬಂದದ್ದು ಬೇಡ ಎನ್ನಲು. ಆದರೆ ಮೊಟ್ಟೆ ಒಡೆಯದ ಹಾಗೆ ಗಾಡಿ ನಡೆಸುವ, ಮುದುಕಿಯ ಹತ್ತಿರ ದುಡ್ಡು ಕೇಳದ ಮನುಷ್ಯ ಒಬ್ಬ ಹುಡುಗನ ಪರವಾಗಿ ಬಂದು ನಿಂತರೆ ಆ ಹುಡುಗ ಪೂರಾ ಕೆಟ್ಟವನಿರಲಾರ. ಆದ್ದರಿಂದ ಒಪ್ಪಿಗೆ. ಷರತ್ತು ಒಂದೇ. ಮೂಕ ಗಾಡಿ ಈ ಮನೆಯ ಬಾಗಿಲಿಗೆ ಬರಕೂಡದು. ಅವನು ಅದನ್ನು ಚೇರ್ಮನ್ನನಿಗೆ ಕೊಟ್ಟು, ಚೇರ್ಮನ್ನನ ಗಾಡಿ ತಾನು ಇಟ್ಟುಕೊಳ್ಳಲಿ. ಇವತ್ತೇ, ತಾನು ಊರಿಗೆ ಹೊರಡುವ ಮೊದಲೇ, ತನ್ನ ಕಣ್ಣೆದುರಿಗೇ.

ಅಕೆಯೋ ಚಹಾದ ನೆಪದಲ್ಲಿ ಮಾವಿನ ಮರದ ಹತ್ತಿರ ಬಂದು ಸುದ್ದಿ ಹೇಳಿದಳು. ಓವಿಟಿ ತನ್ನ ಗಾಡಿಯನ್ನು ನೋಡಿದ. ಬೆಳಗಿನ ಹಕ್ಕಿಗಳು ನೆನಪಾದವು.

"ಗಾಡಿ ಬೇಕಾ, ನಾನು ಬೇಕಾ?" ಎಂದಳು ಅಕೆಯೋ. "ಬೇಗ ಹೇಳು, ಚಹಾ ಆರ್ತಾ ಇದೆ."

ಅವನು ಕೀಲಿ ತೆಗೆದು ಕೊಟ್ಟ. ಅವಳು ಅವನ ಊದಿದ ತುಟಿ ನೋಡಿ ಏನೋ ಕೇಳಲು ಹೊರಟು, ನಗು ತಡೆಯಲಾರದೆ ಒಳಗೆ ಓಡಿದಳು.

ಕೊಡುಕೊಳ್ಳುವಿಕೆ ಆಯಿತು. ಕೈಯಲ್ಲಿ ಹೊಸ ಕೀಲಿ ಹಿಡಿದ ಒಂಡಿಯೆಕ್ ಅದರ ಮೇಲೆ ಕೂತರೆ ಮಕ್ಕಳಾಗುವುದಿಲ್ಲವೇನೋ ಎಂದು ಕ್ಷಣ ಅನುಮಾನಿಸಿದರು. ಮನೆಯಲ್ಲಿ ಆಗಲೇ ಏಳು ಜನ ಇರುವುದು ನೆನಪಾಗಿ ಧೈರ್ಯವಾಗಿ ಕೂತರು. ಓವಿಟಿ ಕೆಮ್ಮುವ ಗಾಡಿಯನ್ನು ಒದ್ದು ಚಾಲೂ ಮಾಡಿಕೊಂಡು ಮೊದಲು ಹೊರಟ. ಮಾತು ಗೆದ್ದಾಗಿತ್ತು, ಹೆಣ್ಣು ಸಿಕ್ಕಿತ್ತು. ಮೂಗಿಗೆ ಹೊಗೆ ಅಡರುತ್ತಿದ್ದರೂ ಅವನು ಅಳುವುದೋ ನಗುವುದೋ ತಿಳಿಯದೆ ನಗುತ್ತಲೇ ಇದ್ದ.

ಇಳಿಜಾರು ಮುಗಿದು ಸಮತಟ್ಟು ಬಂದಲ್ಲಿ ಗಾಡಿ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಕೆಮ್ಮಲಿಲ್ಲ. ಟ್ಯಾಂಕು ತೆರೆದು ನೋಡಿದರೆ ವಾಸನೆ ಬಿಟ್ಟು ಬೇರೇನಿರಲಿಲ್ಲ. ಓವಿಟಿ ಅದನ್ನು ತಳ್ಳಿಕೊಂಡು ಹೊರಟ. ಅಂಥ ಭಾರದ ಗಾಡಿಯನ್ನು ತಳ್ಳುವವನಿಗೆ ರಸ್ತೆಯ ನಡುಮಧ್ಯೆಯೇ ಹಿತ. ಹಿಂದಿನಿಂದ ಏನಾದರೂ ಬಂದರೆ ಸದ್ದು ಕೇಳುತ್ತದಲ್ಲ ಎಂದು ಅವನು ಧೈರ್ಯವಾಗಿದ್ದ.

ಸದ್ದು ಕೇಳಲಿಲ್ಲ. ಕೇಳಿದ್ದು ಬೆನ್ನ ಹಿಂದೆಯೇ ಒಂದು ಹೆಣ್ಣಿನ ಮಾತು. ಓವಿಟಿ ಬೆಳಗಿನ ಹೇಂಟೆಯ ಹಾಗೆಯೇ ಎಗರಿದ. ಎಗರುವಾಗ ಓರೆಗಣ್ಣಿನಲ್ಲಿ ಕಂಡದ್ದು ತನ್ನದೇ ಗಾಡಿ, ಮುಂದೆ ಒಂಡಿಯೆಕ್, ಹಿಂದೆ ಬುಟ್ಟಿ ಹಿಡಿದ ಮಿನ್ ಅಕೆಯೋ. ಮತ್ತಾಟಿಗೆ ಬಿಡಲು ಚೇರ್ಮನ್ನರೇ ಹೊರಟಿದ್ದರು. ಈಗ ಓವಿಟಿ ಅಧಿಕೃತವಾಗಿ ಅಳಿಯ. ಎಗರಿದ್ದು ಸಾಲದೆಂದು ಗಾಡಿಯ ಸಮೇತ ಚರಂಡಿಗಿಳಿದು, ಮೊಣಕಾಲುದ್ದ ಕೆಸರಿನಲ್ಲಿ ರಸ್ತೆಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತ.

ಗಾಡಿ ಅವನ ಪಕ್ಕದಲ್ಲೇ ತೇಲಿ ಹೋಯಿತು. ಅಷ್ಟು ಸದ್ದಿಲ್ಲದ ಗಾಡಿಯಲ್ಲಿ ಒಂದೊಂದು ಮಾತೂ ನಿಚ್ಚಳವಾಗಿ ಕೇಳುತ್ತಿತ್ತು.

"ಎಷ್ಟು ಹಿತವಾಗದೆ ಚೇರ್ಮನ್ನೇ, ತೊಟ್ಲಲ್ಲಿ ಕೂತಂಗೆ. ಮಾತಾಡಿದ್ದು ಮಾತಾಡ್ದಂಗೇ ಕೇಳ್ತದೆ, ಮೂಗಿಗೆ ಹೊಗೆನೂ ಇಲ್ಲ. ಹಕ್ಕಿ ಕೂಗೋದೂ ಕೇಳ್ತಾ ಅದೆ ನೋಡು."

"ಶುದ್ಧ ಇಂಧನ ಅಮ್ಮಾ," ಎಂದರು ಒಂಡಿಯೆಕ್. "ಗಾಳಿಗೂ ಒಳ್ಳೇದು, ಕೆರೆಗೂ ಒಳ್ಳೇದು. ನಾನು ಮೊದ್ಲಿಂದ್ಲೂ ಹೇಳ್ತಾನೇ ಬಂದಿದೀನಿ, ನಮ್ಮ ಹುಡುಗರು ಕೇಳ್ಬೇಕಲ್ಲ."

ಮಿನ್ ಅಕೆಯೋಳ ದನಿ ಬದಲಾಯಿತು.

"ಅಲ್ಲಪ್ಪಾ, ಇಂಥಾ ಚಿನ್ನದಂಥ ಗಾಡೀನ, ಯಾವಳೋ ಮುದುಕಿ ಅಂದ್ಲು ಅಂತ, ಹಿಂದೆಮುಂದೆ ನೋಡ್ದೆ ಬಿಟ್ಕೊಟ್ನಲ್ಲ ಆ ಹುಡುಗ. ಅವನಿಗೇನಾದ್ರೂ ಬುದ್ಧಿ ಅದೆಯಾ? ನಾಳೆ ನನ್ನ ಮಗಳನ್ನೂ ಹಂಗೇ ಬಿಟ್ಕೊಟ್ರೆ? ಈ ಮದುವೆ ವಿಷ್ಯ ನಾನು ಇನ್ನೊಂದ್ಸಲ ಯೋಚ್ನೆ ಮಾಡ್ಬೇಕು."

ಚರಂಡಿಯಲ್ಲಿದ್ದವನು ತಿರುಗುವಂತಿರಲಿಲ್ಲ, ಕೂಗುವಂತಿರಲಿಲ್ಲ. ಒಂಡಿಯೆಕ್ ಏನಾದರೂ ಹೇಳಿಯಾರು ಎಂದು ಕಿವಿಗೊಟ್ಟು ಕಾದ. ಅವರು ಏನು ಹೇಳಿದರೋ, ಗಾಡಿ ಆಗಲೇ ತಿರುವು ದಾಟಿತ್ತು, ಸದ್ದಿಲ್ಲದೆ.